ಯಾರೂ ಕೂಗದ ಬುಟ್ಟಿ

ಬೋಟುಗಳು ಮೀನಿಳಿಸುವ ಬಂದರಿನ ದಕ್ಕೆಯಲ್ಲಿ ಅಲಿಯಬ್ಬ ಮೀನಿನ ಏಲಂ ಕೂಗಿದರೆ ಹೊಳೆಯಾಚೆ ಬೆಂಗರೆಯಲ್ಲಿ ಮಲಗಿದ ಮಗು ಎದ್ದು ಕೂತು ರೇಟು ಹೇಳುತ್ತಿತ್ತು. ಇದರಲ್ಲಿ ಕೂದಲೆಳೆಯಷ್ಟೂ ಉತ್ಪ್ರೇಕ್ಷೆಯಿಲ್ಲ. ಇದ್ದರೆ ತಪ್ಪು ಆ ಮಗುವಿನದು. ಅಂಥ ಗಂಟಲಿಗೆ ಬೀಗ ಹಾಕಿ, ಇಡೀ ಏಲಂ ಅನ್ನು ಮೊಬೈಲಿನೊಳಗೆ ತುರುಕಿದವನು ಅವನ ಮನೆ ಅಳಿಯ ಜಾಬಿರ್.

ಜಾಬಿರ್ ಪಡೀಲಿನವನು. ಶಾರ್ಜಾದ ಕಂಪೆನಿಯೊಂದರಲ್ಲಿ ಕಂಪ್ಯೂಟರುಗಳ ಕಾವಲಿಗಿದ್ದವನು. ಅವನ ಬಾಯಿಂದಲೇ ಕೇಳಿದರೆ, ಭೂಮಿಯ ಮೇಲಿನ ಇಂಟರ್ನೆಟ್ ಕಳ್ಳರೆಲ್ಲ ಅವನ ಹೆಸರು ಕಿವಿಗೆ ಬಿದ್ದೊಡನೆ ಕೀಬೋರ್ಡಿನ ಮೇಲೆಯೇ ಮೂರ್ಛೆ ಹೋಗುತ್ತಿದ್ದರಂತೆ. ಅಂಥ ಶೂರನನ್ನು ಶಾರ್ಜಾ ಯಾಕೆ ವಾಪಸು ಕಳಿಸಿತು ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವರ ಬಾಯಿಗೆಲ್ಲ ಅವನು ಮೊದಲೇ ಉಡುಗೊರೆ ತುರುಕಿದ್ದ. ಅಲಿಯಬ್ಬನ ಮಗಳು ಹಸ್ನಾಳನ್ನು ಮದುವೆಯಾಗುವಾಗ ಹೆಂಡತಿ ಕಡೆಯ ಪ್ರತಿಯೊಂದು ಮನೆಗೂ ಒಂದೊಂದು ಟಿವಿ ಬಾಕ್ಸ್ ಹಂಚಿದ್ದ. ಅಂಗೈ ಅಗಲದ ಕಪ್ಪು ಡಬ್ಬಿ. ಟಿವಿಗೆ ಚುಚ್ಚಿ ವೈಫೈಗೆ ಸೇರಿಸಿದರೆ ಲೋಕದ ಚಾನೆಲೆಲ್ಲ ಪುಕ್ಕಟೆ. ಪ್ರತಿ ಡಬ್ಬಿಯ ನೆತ್ತಿಯ ಮೇಲೆ ಬಂಗಾರದ ಬಣ್ಣದ ಸ್ಟಿಕ್ಕರ್: ಜಾಬಿರ್–ಹಸ್ನಾ. ಕದ್ರಿಯಿಂದ ಬಂದರಿನವರೆಗೆ ಅತ್ತೆಯಂದಿರು, ಚಿಕ್ಕಮ್ಮಂದಿರು ಸೀರಿಯಲ್ ನೋಡುತ್ತ ಅವನಿಗೆ ಹರಸುತ್ತಿದ್ದ ಸದ್ದಿಗೆ ವಿಮಾನಗಳು ದಾರಿ ತಪ್ಪುತ್ತಿದ್ದವು.

ಮಳೆಗಾಲದ ರಜೆ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ಹೊತ್ತಿಗೆ ಜಾಬಿರನ ವೆಬ್‌ಸೈಟು ಶುರುವಾಯಿತು. ದಕ್ಕೆಗೆ ಬುಟ್ಟಿ ಇಳಿದ ಕೂಡಲೇ ಅದರ ಫೋಟೋ ಸೈಟಿಗೆ. ಮೀನು ವ್ಯಾಪಾರಿ ತನ್ನ ಮನೆಯ ಜಗಲಿಯಲ್ಲಿ ಚಾ ಕುಡಿಯುತ್ತ ಫೋಟೋ ನೋಡಿ, ಹಸಿರು ಗುಂಡಿ ಒತ್ತಿ ರೇಟು ಹೇಳಿದರೆ ಆಯಿತು. ಒಟಿಪಿ ಕೇಳಿದರೆ ಕನ್ನಡಕ ಹುಡುಕಬೇಕು ಎಂದು ಮುದುಕರು ಗಲಾಟೆ ಮಾಡಿದ್ದರಿಂದ ಅಲಿಯಬ್ಬ ಅದನ್ನೂ ತೆಗೆಸಿದ್ದ. ಹೆಸರು ಹಾಕು, ಒತ್ತು, ಅಷ್ಟೇ. ಪಕ್ಕದ ಶೆಡ್ಡಿನಲ್ಲಿ ಹಳೇ ಕ್ರಮದಲ್ಲೇ ಗಂಟಲು ಹರಿದುಕೊಳ್ಳುತ್ತಿದ್ದ ಲಯನೆಲನ ಗಿರಾಕಿಗಳೆಲ್ಲ ಅಲಿಯಬ್ಬನ ಕಡೆಗೆ ಬಂದರು. ಲಯನೆಲ್ ಖಾಲಿ ಬುಟ್ಟಿಗಳಿಗೇ ಏಲಂ ಕೂಗುತ್ತಿದ್ದ ಎಂದು ಹೇಳುವವರಿದ್ದಾರೆ. ನಂಬಬಹುದು.

ಆಮೇಲೆ ಒಂದು ಬೆಳಿಗ್ಗೆ ಭೂತಗಳು ನುಗ್ಗಿದವು.

ಬಂಗುಡೆಯ ಫೋಟೋ ಬಂದದ್ದೇ ತಡ, ಕಣ್ಣು ಮಿಟುಕಿಸುವುದರೊಳಗೆ ಸಾವಿರ ಸಾವಿರ ಜನ ರೇಟು ಒತ್ತಿದರು. ಬಂಗುಡೆಯ ರೇಟು ದುಬಾರಿ ಮೀನು ಅಂಜಲಿನ ರೇಟನ್ನು ದಾಟಿ, ಬಂಗಾರದ ರೇಟನ್ನು ನೋಡಿ ನಕ್ಕು, ಮೇಲಕ್ಕೆ ಹೋಯಿತು. ಗೆದ್ದವನನ್ನು ಕರೆದರೆ ಅಂಥ ಮನುಷ್ಯನೇ ಇಲ್ಲ. ನಿಜವಾದ ವ್ಯಾಪಾರಿಗಳಿಗೆ ಸೈಟು ತೆರೆಯಲೇ ಇಲ್ಲ. ಮಂಜುಗಡ್ಡೆ ಕರಗಿತು, ಮೀನು ಮೆತ್ತಗಾಯಿತು, ಕಾಗೆಗಳು ಕುಟುಂಬ ಸಮೇತ ಬಂದವು. ಮರುದಿನವೂ ಹಾಗೆಯೇ. ಅದರ ಮರುದಿನ ಗಿರಾಕಿಗಳು ಲಯನೆಲನ ಶೆಡ್ಡಿಗೆ ನಡೆದರು.

ಜಾಬಿರ್ ನೋಡಿದ. ದಾಳಿ ರಷ್ಯಾದಿಂದಲೋ ಚೀನಾದಿಂದಲೋ ಬಂದಿದ್ದರೆ ಆ ದೇಶಕ್ಕೇ ಬಾಗಿಲು ಹಾಕಿ ಮಲಗಬಹುದಿತ್ತು. ಇದು ಬರುತ್ತಿದ್ದದ್ದು ಕದ್ರಿ, ಪಡೀಲ್, ಬಂದರು ಮತ್ತು ಸುತ್ತಲಿನ ಊರುಗಳ ಮನೆಗಳಿಂದ, ಗಿರಾಕಿಗಳು ಬರುವ ಅದೇ ಇಂಟರ್ನೆಟ್ ಲೈನುಗಳಿಂದ. ಸಿಟ್ಟಿನಲ್ಲಿ ಅವನು ಆ ಲೈನುಗಳನ್ನೆಲ್ಲ ಸಾರಾಸಗಟಾಗಿ ಮುಚ್ಚಿದ. ಭೂತಗಳು ನಿಂತವು. ಜತೆಗೆ ಅರ್ಧ ಮಂಗಳೂರಿನ ವ್ಯಾಪಾರಿಗಳೂ ಹೊರಗೆ ನಿಂತರು.

ಅವತ್ತು ಅಲಿಯಬ್ಬ ಅಳಿಯನನ್ನು ದಕ್ಕೆಯ ನಟ್ಟನಡುವೆ ನಿಲ್ಲಿಸಿದ. ಸುತ್ತ ಲೋಡರುಗಳು, ವ್ಯಾಪಾರಿಗಳು, ಮೀನು ಮಾರುವ ಹೆಂಗಸರು.

"ಎಂಜಿನಿಯರ್ರೇ, ಎಂತ ಮಾಡಿದ್ದು ನೀವು?" ಅಲಿಯಬ್ಬ ಬಹುವಚನ ಹಿಡಿದನೆಂದರೆ ಮುಂದಿರುವವನ ಚರ್ಮ ಸುಲಿಯುತ್ತಾನೆಂದು ಅರ್ಥ. "ಮನೆಗೆ ಇಲಿ ಬಂತು ಅಂತ ಮನೆಯವರನ್ನೆಲ್ಲ ಹೊರಗೆ ಹಾಕಿದ್ದಾ?"

"ಮಾಮ, ಅದು ಟೆಕ್ನಿಕಲ್..."

"ನಿನ್ನ ಟೆಕ್ನಿಕಲ್ಲನ್ನು ಉಪ್ಪು ಹಾಕಿ ಒಣಗಿಸು. ಕೇಳು. ನಿನಗೆ ಇನ್ನೊಂದೇ ಚಾನ್ಸ್. ಆ ಭೂತಗಳು ಹೋಗ್ಬೇಕು. ಆದರೆ ಒಬ್ಬನೇ ಒಬ್ಬ ನಿಜವಾದ ಮನುಷ್ಯ ಹೊರಗೆ ನಿಂತ ಅಂತ ಆದರೆ, ನೀನು ನಿನ್ನ ಪೆಟ್ಟಿಗೆ ಕಟ್ಟಿ ಪಡೀಲಿಗೆ ಹೋಗು. ಹಸ್ನಾ ಇಲ್ಲಿಯೇ ಇರ್ತಾಳೆ."

"ಒಬ್ಬನೂ ಹೊರಗೆ ನಿಲ್ಲುವುದಿಲ್ಲ ಮಾಮ. ಒಂದು ನರಪಿಳ್ಳೆಯೂ ಇಲ್ಲ," ಎಂದುಬಿಟ್ಟ ಜಾಬಿರ್. ಅವನ ಬಾಯಿ ಯಾವಾಗಲೂ ಅವನಿಗಿಂತ ಎರಡು ಮಾರು ಮುಂದೆ ಓಡುತ್ತಿತ್ತು.

ಪಕ್ಕದ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಲಯನೆಲ್ ಕೈಯೆತ್ತಿ, "ನಾವೆಲ್ಲ ಸಾಕ್ಷಿ ಬ್ಯಾರಿಗಳೇ!" ಎಂದ. ಆಗ ಎದ್ದ ನಗುವಿಗೆ ಹೊಳೆಯಲ್ಲಿ ಕಟ್ಟಿದ್ದ ಬೋಟುಗಳು ಹಗ್ಗ ಹರಿದುಕೊಂಡವು.

ಹೊರಗೆ ನಿಂತವರಲ್ಲಿ ಕದ್ರಿಯಲ್ಲಿ ಮೀನಂಗಡಿ ಇಟ್ಟಿದ್ದ ಹಸ್ನಾಳ ಚಿಕ್ಕಪ್ಪನೂ ಒಬ್ಬ. ಸಮಾಧಾನ ಮಾಡಲು ಜಾಬಿರ್ ಅವರ ಮನೆಗೆ ಹೋದ. ಟಿವಿ ಆರಿತ್ತು, ಮೊಬೈಲುಗಳೆಲ್ಲ ಚಾರ್ಜಿಗಿದ್ದವು, ಆದರೂ ವೈಫೈ ಡಬ್ಬಿಯ ಹಸಿರು ದೀಪ ಜ್ವರ ಬಂದವರ ಕಣ್ಣಿನಂತೆ ಪಟಪಟ ಬಡಿದುಕೊಳ್ಳುತ್ತಿತ್ತು. ಅವನು ಒಂದೊಂದೇ ವಯರು ಕಿತ್ತು ನೋಡಿದ. ಟಿವಿ ಬಾಕ್ಸಿನ ವಯರು ಕಿತ್ತ ಕ್ಷಣ ದೀಪ ಶಾಂತವಾಯಿತು. ಮತ್ತೆ ಚುಚ್ಚಿದ; ಮತ್ತೆ ಜ್ವರ.

ಅವನ ಎದೆ ಕುಸಿದು ಚಪ್ಪಲಿಯೊಳಗೆ ಬಿತ್ತು. ಅವನೇ ಹಂಚಿದ ಬಾಕ್ಸು. ಅದರ ಹೊಟ್ಟೆಯಲ್ಲಿ, ತಯಾರಾಗುವಾಗಲೇ, ಒಂದು ಕಳ್ಳ ಪ್ರೋಗ್ರಾಂ ಕೂತಿತ್ತು. ಎಲ್ಲೋ ಇದ್ದವನು ಇಂಥ ಬಾಕ್ಸುಗಳಿರುವ ಮನೆಗಳ ಇಂಟರ್ನೆಟ್ಟನ್ನೆಲ್ಲ ಒಟ್ಟುಮಾಡಿ ಬಾಡಿಗೆಗೆ ಬಿಡುತ್ತಿದ್ದ. ಬಾಡಿಗೆ ಕೊಟ್ಟವನು ಯಾರನ್ನು ಹೊಡೆ ಎಂದರೆ ಅವರನ್ನು ಹೊಡೆಯುವುದು. ಈ ಸಲ ಬಾಡಿಗೆ ಕೊಟ್ಟವರು ಯಾರೆಂದು ಜಾಬಿರನಿಗೆ ಅಂದಾಜಿತ್ತು. ಹೇಳಿದರೆ ಬಾಕ್ಸು ಕೊಟ್ಟವರು ಯಾರೆಂಬುದೂ ಹೊರಗೆ ಬರುತ್ತಿತ್ತು.

"ಎಂತ ಆಗಿದೆ ಮಗಾ ಅದಕ್ಕೆ?" ಚಿಕ್ಕಮ್ಮ ಕೇಳಿದಳು.

"ಎಂತ ಇಲ್ಲ ಚಿಕ್ಕಮ್ಮ. ಸರ್ವಿಸ್ ಮಾಡ್ಬೇಕು," ಎಂದು ಅದನ್ನು ಬ್ಯಾಗಿಗೆ ಹಾಕಿಕೊಂಡ.

ಎಲ್ಲರ ಮನೆಯಿಂದ ಬಾಕ್ಸು ವಾಪಸು ಕೇಳಿದರೆ ಮಾನ ಉಳಿಯುವುದಿಲ್ಲ. ಕೇಳಿದರೂ ಸಾಲದು; ಅಂಥ ಡಬ್ಬಿ ಊರಿಡೀ ಮಾರಾಟವಾಗಿದೆ. ಲೈನು ಮುಚ್ಚುವಂತಿಲ್ಲ. ಒಂದೇ ಲೈನಿನಲ್ಲಿ ಬರುವ ಮನುಷ್ಯನನ್ನೂ ಡಬ್ಬಿಯನ್ನೂ ಬೇರೆ ಮಾಡಬೇಕು. ಹೇಗೆ?

ಆಗ ಅವನಿಗೆ ನೆನಪಾದದ್ದು ಮೊದಲ ಬುಟ್ಟಿ.

ಅಲಿಯಬ್ಬನ ದಕ್ಕೆಯಲ್ಲಿ ದಿನದ ಮೊದಲ ಬುಟ್ಟಿಗೆ ಯಾರೂ ರೇಟು ಕೂಗುವುದಿಲ್ಲ. ಅದು ಅಲಿಯಬ್ಬನ ಅಪ್ಪನ ಕಾಲದ ಕ್ರಮ. ಮೀನು ಎಷ್ಟೇ ಚೆನ್ನಾಗಿರಲಿ, ವ್ಯಾಪಾರಿಗಳು ಆ ಬುಟ್ಟಿ ದಾಟುವವರೆಗೆ ತುಟಿ ಬಿಚ್ಚುವುದಿಲ್ಲ. ಅದನ್ನು ಏಲಂಗೇ ಇಡುವುದಿಲ್ಲವಾದ್ದರಿಂದ ಸೈಟಿಗೂ ಬರುತ್ತಿರಲಿಲ್ಲ. ಜಾಬಿರ್ ಯೋಚಿಸಿದ: ಅದರ ಫೋಟೋ ಸೈಟಿಗೆ ಹಾಕಿದರೆ? ದಕ್ಕೆಯ ಮನುಷ್ಯ ಯಾವನೂ ಒತ್ತುವುದಿಲ್ಲ. ಡಬ್ಬಿಗೆ ಕ್ರಮ ಗೊತ್ತಿಲ್ಲ. ಅದು ಕಂಡದ್ದಕ್ಕೆಲ್ಲ ಬಾಯಿ ಹಾಕುತ್ತದೆ. ಒತ್ತಿದವನು ಯಂತ್ರ. ಲೈನು ಮುಚ್ಚದೆ, ಆ ಒಂದು ಯಂತ್ರದ ಗುರುತು ಹಿಡಿದು ಅದನ್ನು ಮಾತ್ರ ಹೊರಗಿಡುವುದು.

ಆ ಬುಟ್ಟಿ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಅವನು ಯಾವತ್ತೂ ಕೇಳಿರಲಿಲ್ಲ. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು, ದಕ್ಕೆ ತೊಳೆದಾದ ಮೇಲೆಯೇ ಬಂದು ಮೇಲಿನ ಎಸಿ ರೂಮಿಗೆ ಹತ್ತುವವನು ಅವನು.

"ಮಾಮ, ಮೊದಲ ಬುಟ್ಟಿಯನ್ನು ಸೈಟಿಗೆ ಹಾಕ್ತೇನೆ," ಎಂದಾಗ ಅಲಿಯಬ್ಬ ಮೀಸೆಯಿಲ್ಲದ ಮೇಲ್ತುಟಿಯನ್ನು ಎರಡು ಸಲ ಸವರಿಕೊಂಡ.

"ಹಾಕು," ಎಂದ ಕೊನೆಗೆ. "ಬುಟ್ಟಿ ಎಲ್ಲಿಗೂ ಓಡುವುದಿಲ್ಲ."

ಮರುದಿನ ಮುಚ್ಚಿದ್ದ ಲೈನುಗಳೆಲ್ಲ ತೆರೆದವು, ಮೊದಲ ಬುಟ್ಟಿಯ ಫೋಟೋ ಸೈಟಿಗೆ ಬಂತು. ಹೊಳೆಯುವ ಬಂಗುಡೆ, ಪ್ರತಿಯೊಂದೂ ಮೊಣಕೈ ಉದ್ದ. ಸರಿ, ಅಂಗೈ ಉದ್ದ. ಭೂತಗಳು ಇರುವೆ ಸಾಲಿನಂತೆ ನುಗ್ಗಿ ಒತ್ತಿದವು. ಒತ್ತಿದ್ದೇ ತಡ, ಒಂದೊಂದರ ಮುಖಕ್ಕೂ ಬಾಗಿಲು ಬಡಿಯಿತು. ಹಾಗೆ ಬಡಿದಾಗ ಎದುರಿನ ಪರದೆಯ ಮೇಲೆ ಕೆಂಪಕ್ಷರದಲ್ಲಿ ಬರಲೆಂದು ಜಾಬಿರ್ ಒಂದು ಸಾಲು ಬರೆದಿದ್ದ. ಡಬ್ಬಿಗಳು ಓದುವುದಿಲ್ಲವೆಂದು ಗೊತ್ತಿದ್ದೂ ಬರೆದಿದ್ದ, ಬರೆಯದಿದ್ದರೆ ನಿದ್ದೆ ಬರುತ್ತಿರಲಿಲ್ಲ: ನೀನು ಯಂತ್ರ. ಯಂತ್ರಕ್ಕೆ ಮೀನಿಲ್ಲ.

ಎರಡನೇ ಬುಟ್ಟಿಯ ಹೊತ್ತಿಗೆ ಸೈಟು ಎಣ್ಣೆ ಹಾಕಿದ ಬಾಗಿಲಿನಂತೆ ತೆರೆಯುತ್ತಿತ್ತು. ಲಯನೆಲನ ಶೆಡ್ಡಿನಿಂದ ಗಿರಾಕಿಗಳು ವಾಪಸು ಬಂದರು. ಅಲಿಯಬ್ಬ ಎಲ್ಲರಿಗೂ ಚಾ ತರಿಸಿ, ತನ್ನ ಪಕ್ಕದ ಕುರ್ಚಿ ತೋರಿಸಿ, "ಕೂತ್ಕೋ ಜಾಬಿರ್," ಎಂದ. ಏಕವಚನ, ಹೆಸರು, ಕುರ್ಚಿ: ಮೂರೂ ಒಂದೇ ದಿನ! ಜಾಬಿರನ ಎದೆ ಉಬ್ಬಿದ ರಭಸಕ್ಕೆ ಅಂಗಿಯ ಗುಂಡಿ ಹಾರಿ ಎದುರಿನವನ ಚಾಕ್ಕೆ ಬಿತ್ತು. ಗಿರಾಕಿಗಳ ಹಿಂದೆಯೇ ಚಾಕ್ಕೆ ಬಂದ ಲಯನೆಲ್ ಮಾತ್ರ ಕುಡಿಯದೆ ಲೋಟ ತಿರುಗಿಸುತ್ತಿದ್ದ.

ಆಗ ಖತೀಜಮ್ಮ ಬಂದಳು.

ಒಣಗಿದ ಸಿಗಡಿಯಷ್ಟು ಸಣ್ಣ ಮುದುಕಿ. ಬೆಳಿಗ್ಗೆ ತಲೆಯ ಮೇಲೆ ಬುಟ್ಟಿ ಹೊತ್ತು ಕದ್ರಿ ಗುಡ್ಡ ಹತ್ತಿ ಮನೆಮನೆಗೆ ಮೀನು ಮಾರುವವಳು. ಕೈಯಲ್ಲಿ ಹಸ್ನಾ ಕೊಟ್ಟ ಹಳೆಯ ಮೊಬೈಲನ್ನು ಹಾಲಿನ ಗ್ಲಾಸಿನಂತೆ ಎರಡೂ ಅಂಗೈಯಲ್ಲಿ ಹಿಡಿದಿದ್ದಳು.

"ಇದರಲ್ಲಿ ಎಂತದೋ ಕೆಂಪು ಬಂದಿದೆ. ಯಾರಾದ್ರೂ ಓದಿ ಹೇಳಿ ಮಕ್ಕಳೇ."

ಲಯನೆಲ್ ಮೊಬೈಲು ಇಸಿದುಕೊಂಡ. ಅವನ ಮುಖ ಅರಳಿತು. ಏಲಂ ಕೂಗುವ ಅದೇ ಗಂಟಲಿನಲ್ಲಿ, ಇಡೀ ದಕ್ಕೆಗೆ ಕೇಳುವಂತೆ ಓದಿದ: "ನೀನು ಯಂತ್ರ! ಯಂತ್ರಕ್ಕೆ ಮೀನಿಲ್ಲ!"

ಜನ ಬಿದ್ದೂ ಬಿದ್ದೂ ನಕ್ಕರು, ಮೂಲೆಯಲ್ಲಿದ್ದ ನಾಯಿಯೂ ನಕ್ಕಿತು. ಖತೀಜಮ್ಮ ಎಲ್ಲರ ಮುಖ ನೋಡಿದಳು.

"ಖತೀಜಮ್ಮ, ನೀವು ಯಾವ ಬುಟ್ಟಿ ಒತ್ತಿದ್ದು?" ಲಯನೆಲ್ ಕೇಳಿದ.

"ನನ್ನದೇ. ಮೊದಲಿನದ್ದು. ನನ್ನ ಯಜಮಾನ ಅಲಿಯಬ್ಬನ ಅಪ್ಪನ ಬೋಟಿನಲ್ಲಿ ಹೋದವರು ವಾಪಸು ಬರ್ಲಿಲ್ಲ ಅಲ್ವಾ, ಅವತ್ತಿನಿಂದ ಮೊದಲ ಬುಟ್ಟಿ ನನ್ನದು. ಇವತ್ತು ಕೇಳಿದ್ರೆ ತೂಕದವನು, ಬುಟ್ಟಿ ಮೊಬೈಲಿಗೆ ಹೋಗಿದೆ ಅಂದ. ಮೊಬೈಲಲ್ಲಿ ನೋಡಿದೆ. ಉಂಟು. ಒತ್ತಿದೆ."

ಯಾರೂ ಆ ಬುಟ್ಟಿಗೆ ರೇಟು ಕೂಗದಿರುವುದು ಯಾಕೆಂದು ಜಾಬಿರನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅಲಿಯಬ್ಬನಿಗಂತೂ ಹುಟ್ಟಿದಂದಿನಿಂದ ಗೊತ್ತಿತ್ತು. ಅವನು ಚಾ ಊದುತ್ತಿದ್ದ.

"ಜಾಬಿರ್, ಇವರು ಮನುಷ್ಯರಲ್ವಾ ಮಾರಾಯ?" ಲಯನೆಲ್ ಮಾತಿಗೆ ಸಕ್ಕರೆ ಸುರಿಯುತ್ತ ಕೇಳಿದ. "ಒಂದು ನರಪಿಳ್ಳೆಯೂ ಹೊರಗೆ ನಿಲ್ಲುವುದಿಲ್ಲ ಅಂತ ನೀನೇ ಹೇಳಿದ್ದಲ್ವಾ? ಪಡೀಲಿಗೆ ರಿಕ್ಷಾ ಹೇಳ್ಲಾ?"

ಜಾಬಿರ್ ಪಕ್ಕದ ಮೇಜಿನ ಮೇಲಿದ್ದ ಕಂಪ್ಯೂಟರಿಗೆ ತಿರುಗಿದ. ಅಲ್ಲಿ ಎಲ್ಲವೂ ಬೆತ್ತಲೆಯಾಗಿ ಬಿದ್ದಿತ್ತು. ಡಬ್ಬಿಗಳು ಫೋಟೋವನ್ನು ತೆರೆದೂ ನೋಡದೆ, ರೆಪ್ಪೆ ಬಡಿಯುವುದರೊಳಗೆ ಒತ್ತಿದ್ದವು. ಒಬ್ಬರು ಮಾತ್ರ ಫೋಟೋ ತೆರೆದಿದ್ದರು. ದೊಡ್ಡದು ಮಾಡಿದ್ದರು. ಮುಚ್ಚಿ, ಮತ್ತೆ ತೆರೆದು, ಒಂದೊಂದೇ ಮೀನನ್ನು ನೋಡಿ, ಒಂದು ಚಾ ಕುಡಿದು ಮುಗಿಸುವಷ್ಟು ಹೊತ್ತಾದ ಮೇಲೆ ಒತ್ತಿದ್ದರು. ಯಂತ್ರಕ್ಕೆ ಅಷ್ಟು ಆಸೆ ಇರುವುದಿಲ್ಲ.

ಅವನು ಮಾನಿಟರನ್ನು ಗೋಡೆಯ ಕಡೆಗೆ ತಿರುಗಿಸಿದ.

"ಖತೀಜಮ್ಮ ಒತ್ತಿದ್ದಲ್ಲ ಅದು," ಎಂದ. ಸುಳ್ಳು ಒಂದು ಸಲ ಹಳಿ ಹತ್ತಿದರೆ ಅವನಲ್ಲಿ ರೈಲಿನಂತೆ ಓಡುತ್ತಿತ್ತು. "ಇವರ ಮನೆಯಲ್ಲಿ ಕಳ್ಳ ಡಬ್ಬಿ ಉಂಟು. ಅದು ಇವರ ಮೊಬೈಲಿಗೂ ಹತ್ತಿದೆ. ಬೆರಳು ಇವರದ್ದು, ಒತ್ತಿದ್ದು ಅದು. ಇವರನ್ನು ಒಳಗೆ ಬಿಟ್ಟರೆ ಇವರ ಹಿಂದೆ ಭೂತಗಳೆಲ್ಲ ಬರ್ತವೆ. ನನ್ನ ಲೆಕ್ಕದಲ್ಲಿ ಇವರು ಯಂತ್ರವೇ."

"ನಾನಾ?" ಎಂದಳು ಖತೀಜಮ್ಮ. ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು.

"ಡಬ್ಬಿ ತೋರಿಸು," ಎಂದ ಲಯನೆಲ್. "ಇಲ್ಲೇ ಗೋಡೌನಿನ ಹಿಂದೆ ಮನೆ. ಎಲ್ಲರೂ ಹೋಗುವ. ಬನ್ನಿ ಬ್ಯಾರಿಗಳೇ."

ಹೊರಟಿತು ಮೆರವಣಿಗೆ. ಎದುರಿಗೆ ಲಯನೆಲ್, ಹಿಂದೆ ಅಲಿಯಬ್ಬ, ಅವನ ಹಿಂದೆ ಬಂದರು ಬಂದರೇ. ಮಧ್ಯದಲ್ಲಿ ಖತೀಜಮ್ಮ, ಕಳ್ಳತನ ಮಾಡಿ ಸಿಕ್ಕಿಬಿದ್ದವಳಂತೆ. ಜಾಬಿರನ ಭುಜದಲ್ಲಿ ಬ್ಯಾಗು ತೂಗುತ್ತಿತ್ತು. ಬ್ಯಾಗಿನೊಳಗೆ ಚಿಕ್ಕಮ್ಮನ ಮನೆಯ ಟಿವಿ ಬಾಕ್ಸು. ಅದು ಬಂಡೆಯಷ್ಟು ಭಾರವಾಗಿ ಅವನ ಒಂದು ಭುಜ ನೆಲ ಸವರುತ್ತಿತ್ತು.

ಮನೆ ಎಂದರೆ ಒಂದು ಕೋಣೆ. ಬಾಗಿಲಲ್ಲಿ ಜಾಬಿರ್ ಎರಡೂ ಕೈ ಚಾಚಿ ಎಲ್ಲರನ್ನೂ ತಡೆದ. "ಹೊರಗೆ ನಿಲ್ಲಿ. ಕರೆಂಟಿನ ವಿಷಯ. ನಾನೊಬ್ಬನೇ ಹೋಗ್ತೇನೆ." ಒಳಗೆ ಹೋದ. ಕೆಮ್ಮಿದ. ಒಂದು ಪಾತ್ರೆ ಬೀಳಿಸಿದ. ಹೊರಬಂದಾಗ ಅವನ ಕೈಯಲ್ಲಿ ಕಪ್ಪು ಡಬ್ಬಿ, ಅದರ ವಯರು ಸತ್ತ ಹಾವಿನ ಬಾಲದಂತೆ ನೇತಾಡುತ್ತಿತ್ತು. ಹೆಬ್ಬೆರಳು ಬಂಗಾರದ ಸ್ಟಿಕ್ಕರಿನ ಮೇಲೆ ಬಿಗಿಯಾಗಿ ಕೂತಿತ್ತು.

"ನೋಡಿ!"

ಜನ ಹೋ ಎಂದರು. ಒಂದಿಬ್ಬರು ಹೆಂಗಸರು, ಪಾಪದ ಮುದುಕಿ ಎಂದು ತಿಳಿದದ್ದು ನಾವು, ಎಂದು ಆಗಲೇ ಶುರುಮಾಡಿದರು.

ಲಯನೆಲ್ ಮಾತ್ರ ಬಾಗಿಲಿನಿಂದ ತಲೆ ಒಳಗೆ ಹಾಕಿದ. ಒಂದು ಚಾಪೆ, ಒಂದು ಸ್ಟವ್ವು, ಗೋಡೆಯಲ್ಲಿ ಒಂದು ಬಲ್ಬು. ತಲೆ ಹೊರಗೆ ತೆಗೆದ. "ಟಿವಿ ಬಾಕ್ಸು ಸರಿ. ಟಿವಿ ಎಲ್ಲಿ ಉಂಟು?"

ಜಾಬಿರನ ಬೆನ್ನಿನಿಂದ ಇಳಿದ ಬೆವರಿಗೆ ಗೋಡೌನಿನ ಚರಂಡಿ ಉಕ್ಕಿತು.

"ಟಿವಿ ಎಲ್ಲಿಂದ ಮಗಾ?" ಖತೀಜಮ್ಮ ಹೇಳಿದಳು. "ಟಿವಿ ಇಲ್ಲ, ವೈಫೈ ಇಲ್ಲ. ಸಿಮ್ಮಿಗೆ ಹಸ್ನಾ ಕರೆನ್ಸಿ ಹಾಕಿಸಿದ್ದು. ಆ ಡಬ್ಬಿ ನಾನು ಕಂಡದ್ದೇ ಇಲ್ಲ. ಅಲಿಯಬ್ಬಾ, ನೀನೇ ಹೇಳು, ನನ್ನ ಮನೆಯಲ್ಲಿ ಟಿವಿ ಯಾವಾಗ ಇತ್ತು?"

ಎಲ್ಲರೂ ಅಲಿಯಬ್ಬನನ್ನು ನೋಡಿದರು. ಅಲಿಯಬ್ಬ ಡಬ್ಬಿಯನ್ನು ನೋಡಿದ, ಅಳಿಯನ ಹೆಬ್ಬೆರಳನ್ನು ನೋಡಿದ, ಹೆಬ್ಬೆರಳಿನ ಅಂಚಿನಲ್ಲಿ ಮಿನುಗಿದ ಬಂಗಾರದ ಬಣ್ಣವನ್ನು ನೋಡಿದ. ಆಮೇಲೆ ಲಯನೆಲನನ್ನು ನೋಡಿದ. ಅವನ ಹಿಂದೆ ನಿಂತಿದ್ದ, ಇವತ್ತಷ್ಟೇ ವಾಪಸು ಬಂದ ಗಿರಾಕಿಗಳನ್ನು ನೋಡಿದ. ಖತೀಜಮ್ಮನ ಮುಖ ಒಂದನ್ನು ಬಿಟ್ಟು ಅವನು ಲೋಕವನ್ನೆಲ್ಲ ನೋಡಿದ.

"ಮಾರಿರ್ಬೇಕು," ಎಂದ.

"ಎಂತದ್ದು?"

"ಟಿವಿಯನ್ನು ಮಾರಿ ತಿಂದಿದ್ದಾಳೆ. ಡಬ್ಬಿ ಉಳಿದಿದೆ. ಜಾಬಿರ್ ಹೇಳಿದ ಮೇಲೆ ಮುಗೀತು. ಅವನು ಶಾರ್ಜಾದಲ್ಲಿ ಇದ್ದವನು." ಅಳಿಯನ ಕೈಯಿಂದ ಡಬ್ಬಿ ಕಿತ್ತು ಪಂಚೆಯ ಮಡಿಲಿಗೆ ಹಾಕಿಕೊಂಡ. "ಮೂರನೇ ಬುಟ್ಟಿ ಇಳಿಯುವ ಹೊತ್ತಾಯ್ತು. ಎಲ್ಲರೂ ನಡೀರಿ."

ಎಲ್ಲರೂ ನಡೆದರು. ಅಲಿಯಬ್ಬ ಇದೆ ಎಂದರೆ ಬಂದರಿನಲ್ಲಿ ಇಲ್ಲದ ಟಿವಿಯೂ ಇರುತ್ತದೆ. ಲಯನೆಲ್ ಕೂಡ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವನಿಗೆ ಬೇಕಾಗಿದ್ದದ್ದು ಮುದುಕಿಯ ಬುಟ್ಟಿಯೇನೂ ಅಲ್ಲ. ಖತೀಜಮ್ಮ ಬಾಗಿಲಲ್ಲಿ ನಿಂತು, ಬಿದ್ದ ಪಾತ್ರೆಯನ್ನು ಎತ್ತಿಡಲು ಒಳಗೆ ಹೋದಳು. ಗಲ್ಲಿಯ ಮಕ್ಕಳು ಅವತ್ತು ಸಂಜೆಯಿಂದಲೇ ಅವಳನ್ನು ಮೆಷಿನ್ ಅಜ್ಜಿ ಎಂದು ಕರೆಯತೊಡಗಿದರು, ಅವಳು ಗುಡ್ಡ ಹತ್ತುವಾಗ ಹಿಂದಿನಿಂದ ಹಾರ್ನ್ ಬಾರಿಸಿದರು.

ಅವತ್ತೇ ಮಧ್ಯಾಹ್ನ ಊಟಕ್ಕೆ ಕೂತಾಗ ಅಲಿಯಬ್ಬ ಮಡಿಲಿನಿಂದ ಡಬ್ಬಿ ತೆಗೆದು, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ, ಸ್ಟಿಕ್ಕರು ಜಾಬಿರನಿಗೆ ಕಾಣುವಂತೆ ಇಟ್ಟ.

ಹಸ್ನಾ ಮೀನು ಸಾರು ತಂದವಳು ಅಲ್ಲೇ ನಿಂತಳು. "ಇದು ನಾವು ಮದುವೆಗೆ ಕೊಟ್ಟದ್ದಲ್ವಾ? ಚಿಕ್ಕಮ್ಮ ಫೋನ್ ಮಾಡಿ, ಸರ್ವಿಸ್ ಆಯ್ತಾ ಅಂತ ಕೇಳ್ತಿದ್ರು."

ಅಲಿಯಬ್ಬ ಭರಣಿಯಿಂದ ಉಪ್ಪಿನಕಾಯಿ ಹಾಕಿಕೊಂಡ.

"ಖತೀಜಮ್ಮನ ಮೊಬೈಲು ನಾನು ಕೊಟ್ಟದ್ದು," ಹಸ್ನಾ ಗಂಡನಿಗೆ ಹೇಳಿದಳು. "ಬೆಳಿಗ್ಗೆ ಬಂದಿದ್ರು. ಬುಟ್ಟಿ ಕಾಣುವುದಿಲ್ಲ ಮಗಳೇ ಅಂತ. ನಾನೇ ಅವರ ಬೆರಳು ಹಿಡಿದು ಹಸಿರು ಎಲ್ಲಿ ಉಂಟು ಅಂತ ತೋರಿಸಿದ್ದು. ಮೀನು ಎಷ್ಟು ಚಂದ ಉಂಟು ಅಂತ ಎಷ್ಟು ಸಲ ನೋಡಿದ್ರು ಗೊತ್ತುಂಟಾ?"

ಜಾಬಿರನಿಗೆ ಗೊತ್ತಿತ್ತು. ಎಷ್ಟು ಸಲ ಎಂಬುದೂ ಗೊತ್ತಿತ್ತು.

"ಹಸ್ನಾ, ಸಾರು ಬಡಿಸು," ಎಂದ ಅಲಿಯಬ್ಬ. "ನಿನ್ನ ಗಂಡ ಇವತ್ತು ನನ್ನ ಏಲಂ ಉಳಿಸಿದ್ದಾನೆ. ಇನ್ನು ಅವನು ಎಲ್ಲಿಗೂ ಹೋಗುವುದಿಲ್ಲ." ಅನ್ನ ಕಲಸುತ್ತ ನಕ್ಕ. "ಹೋಗ್ತೇನೆ ಅಂದರೂ ಹೋಗುವುದಿಲ್ಲ. ಅಲ್ವಾ ಎಂಜಿನಿಯರ್ರೇ?"

ಬಹುವಚನ ವಾಪಸು ಬಂದಿತ್ತು.

"ಡಬ್ಬಿ ಇಲ್ಲೇ ಇರ್ಲಿ. ಊಟದ ಹೊತ್ತಿಗೆ ನಮಗೆಲ್ಲ ಕಾಣ್ತಾ ಇರ್ಲಿ. ಮತ್ತೆ, ನಾಳೆಯಿಂದ ಮೊದಲ ಬುಟ್ಟಿಯ ಫೋಟೋ ಮಾತ್ರ ಸಾಕು. ಇವತ್ತಿನದ್ದೇ ಹಾಕು, ಚೆನ್ನಾಗಿ ಬಂದಿದೆ. ಬುಟ್ಟಿಯನ್ನು ಎರಡನೆಯದ್ದರ ಜತೆ ಸೇರಿಸಿ ಮಾರುವ. ಭೂತಕ್ಕೆ ಫೋಟೋ ಆದ್ರೆಂತ, ಮೀನು ಆದ್ರೆಂತ."

"ಅದು ಖತೀಜಮ್ಮನ..." ಹಸ್ನಾ ಬಾಯಿ ತೆರೆದಳು.

"ಯಂತ್ರಕ್ಕೆ ಮೀನಿಲ್ಲ," ಎಂದ ಅಲಿಯಬ್ಬ. "ನಿನ್ನ ಗಂಡನೇ ಬರೆದದ್ದು. ಓದು ಬೇಕಾದ್ರೆ."

ಹಸ್ನಾ ಸಾರಿನ ಪಾತ್ರೆಯನ್ನು ಗಂಡನ ಎದುರಿಗಿಟ್ಟು, ಬಡಿಸದೆ ಒಳಗೆ ಹೋದಳು. ಜಾಬಿರ್ ತಾನೇ ಬಡಿಸಿಕೊಂಡ. ತಟ್ಟೆಗೆ ಬಂಗುಡೆ ಬಿತ್ತು. ಬೆಳಿಗ್ಗೆ ಮಾವ ಮನೆಗೆ ಕಳಿಸಿದ್ದ ಮೊದಲ ಬುಟ್ಟಿಯದ್ದು, ಅಂಗೈ ಉದ್ದದ್ದು. ಮಾವನ ಬಲಗಡೆಯ ಕುರ್ಚಿಯಲ್ಲಿ, ತನ್ನದೇ ಹೆಸರಿನ ಡಬ್ಬಿಯ ಎದುರು ಕೂತು ಅವನು ಒಂದು ಮುಳ್ಳನ್ನೂ ಬಿಡದೆ ಉಂಡ.

"ಇನ್ನೊಂದು ಹಾಕಿಕೊಳ್ಳಿ ಎಂಜಿನಿಯರ್ರೇ," ಎಂದ ಅಲಿಯಬ್ಬ.

"ಸಾಕು ಮಾಮ."

"ಹಾಕಿಕೊಳ್ಳಿ."

ಅವನು ಹಾಕಿಕೊಂಡ.